ಮೈಯದ್ದಿಯ ನಾಲ್ಕು ಸ್ಪೆಲ್ಲಿಂಗು

ರೂವಿಯ ಬಸ್‌ಸ್ಟ್ಯಾಂಡಿನ ಹಿಂದೆ
ಚಪ್ಪಲಿ ಅಂಗಡಿಗೂ ಕ್ಷೌರದಂಗಡಿಗೂ ನಡುವೆ
ನನ್ನ ಟೈಪಿಂಗ್ ಸೆಂಟರು.
ಒಂದು ಮೇಜು, ಒಂದು ಸ್ಕ್ಯಾನರು.
ಹೊರಗೆ ನಲವತ್ತಾರು ಡಿಗ್ರಿ,
ಒಳಗೆ ಏಸಿಯ ಬಾಯಿಂದ ಬಕೆಟ್ಟಿಗೆ ಟಪ್ ಟಪ್.

ಮೈಯದ್ದಿ ಬಂದ. ಕೂರಲಿಲ್ಲ.
ಮೈಯ ಮೀನಿನ ವಾಸನೆಗೆ ತಾನೇ ನಾಚಿ
ಬಾಗಿಲ ಹತ್ತಿರವೇ ನಿಂತ.
"ನಾನು ಸೇರಿದ್ದು ಹದಿನಾಲ್ಕನೇ ಇಸವಿಯಲ್ಲಂತೆ, ಪಾಸ್ಕಲಣ್ಣ.
ಕಂಪೆನಿಯ ಕಂಪ್ಯೂಟರು ಹೇಳ್ತದಂತೆ.
ಆರನೇ ಇಸವಿಯಲ್ಲಿ ನನ್ನ ಮೊದಲ ಕಾಗದ
ನೀವೇ ಅಲ್ವಾ ಟೈಪ್ ಮಾಡಿದ್ದು?"

ಹೌದು, ನಾನೇ.
ಎಂಟು ವರ್ಷದ ದುಡಿಮೆ
ಈ ಪೆಟ್ಟಿಗೆಯೊಳಗೆ ಎಲ್ಲೋ ಇದೆ.

ಮೂಲೆಯ ಭೂತಗನ್ನಡಿ ಒತ್ತಿ
ಮೊಹಿದ್ದೀನ್ ಎಂದು ಬರೆದೆ.
ಅದು ಹಸಿರು ಗೆರೆ ಎಳೆಯುತ್ತ, ಎಳೆಯುತ್ತ
ತಂದುಕೊಟ್ಟದ್ದು
ದುಬೈಯ ಒಬ್ಬ ದಂತವೈದ್ಯ,
ನಾಳೆಯ ಹವೆ,
ಕ್ರಿಕೆಟ್ ಸ್ಕೋರು.
ನನ್ನದೇ ಕಪಾಟಿನ ಬೀಗದ ಕೈ ಕೇಳಿದರೆ
ಊರ ಸುದ್ದಿ ಹೇಳುವ ಆಳು!

ಮೊಯ್ದೀನ್ ಎಂದೆ. ಎಂಟುನೂರು ಮಂದಿ ಎದ್ದು ನಿಂತರು.
ಮುಹಿಯುದ್ದೀನ್ ಎಂದೆ.
ಇಲ್ಲೇನೂ ಇಲ್ಲ, ಹೊರಗೆ ಹುಡುಕಲೇ ಎಂದಿತು.
ಕೊನೆಗೆ ಅವನ ತಾಯಿ ಕರೆಯುವ ಹಾಗೆ, ಮೈಯದ್ದಿ.
ನೀವು ಕೇಳಿದ್ದು ಮೈದಾ ಇರಬಹುದೇ?

ನಾನು ಎಂದೋ ಅಳಿಸಿದ ಪತ್ರವೊಂದು ಮಾತ್ರ
ಕರೆಯದೆ ಬಂತು.
ತಂಗಿಯ ಗಂಡನಿಗೆ ಬರೆದು, ಕಳಿಸದೆ ಬಿಟ್ಟದ್ದು,
ಬೈಗುಳ ಸಮೇತ ಮೊದಲ ಎರಡು ಸಾಲು.
ಮೈಯದ್ದಿಗೆ ಓದು ಬಾರದು, ಪುಣ್ಯ.
ಇಟ್ಟದ್ದನ್ನು ಕೊಡದು, ಸುಟ್ಟದ್ದನ್ನು ಬಿಡದು.
"ನಾಳೆ ಬಾ" ಎಂದೆ.

ಬೆಳಿಗ್ಗೆ ಪರದೆಯ ಬಲಮೂಲೆಯಲ್ಲಿ ಜಾಹೀರಾತು:
ಮಸ್ಕತ್ತಿನಿಂದ ಮಂಗಳೂರಿಗೆ, ಹೋಗಲಿಕ್ಕೆ ಮಾತ್ರ,
ನಲವತ್ತೊಂದು ರಿಯಾಲು.
ಬೆನ್ನು ತಣ್ಣಗಾಯಿತು. ಏಸಿಯಿಂದಲ್ಲ.
ನಾನು ಬರೆದದ್ದು ಒಂದು ಹೆಸರು, ನಾಲ್ಕು ಥರ,
ಜೊತೆಗೊಮ್ಮೆ 'ಸೆಟಲ್‌ಮೆಂಟ್'.
ಹುಡುಕಲು ಬಾರದ ಇದಕ್ಕೆ
ಕದ್ದು ಕೇಳಲು ಬರುತ್ತದೆ.

ಇನ್ನೇನೇನು ಕೇಳಿಸಿಕೊಂಡಿದೆ?
ಹದಿನೇಳು ಸಾವಿರ ಫೈಲು:
ಓಡಿಹೋದವರ ಮೇಲಿನ ದೂರು, ರಕ್ತಪರೀಕ್ಷೆ,
ಒಬ್ಬಳ ತಲಾಖಿನ ಕಾಗದ (ಹೆಸರು ಇಲ್ಲೂ ಹೇಳೆ),
ಊರಿಗೆ ಗೊತ್ತಿಲ್ಲದ ಮಗುವಿಗೊಂದು ಪಾಸ್‌ಪೋರ್ಟು.
ನನ್ನ ಹೆಂಡತಿಗೂ ಹೇಳದೆ ನುಂಗಿದ್ದೆ ಎಲ್ಲವನ್ನೂ.

ಸೆಟ್ಟಿಂಗು ತೆರೆದೆ. ಪುಟದೊಳಗೆ ಪುಟ.
'ತಾವು ಒಪ್ಪಿದ್ದೀರಿ' ಎಂದಿತ್ತು, ತಾರೀಕು ಸಮೇತ.
ಯಾವಾಗ ಒಪ್ಪಿದೆ ಮಾರಾಯ?

ಆಗ ನೆನಪಾಯಿತು.
ಆರನೇ ಇಸವಿ, ಇದೇ ಮೇಜು, ಅರಬ್ಬಿಯ ನಾಲ್ಕು ಪುಟ.
"ಇದರಲ್ಲಿ ಏನುಂಟು?" ಕೇಳಿದ್ದ ಮೈಯದ್ದಿ.
ಅವನ ಹಿಂದೆ ಸಾಲು ರಸ್ತೆಯವರೆಗೆ.
"ಎಲ್ಲರದ್ದೂ ಇದೇ. ಹೆಬ್ಬೆಟ್ಟು ಒತ್ತು"
ಎಂದಿದ್ದೆ.

ನೆಟ್ಟಿನ ತಂತಿ ಕಿತ್ತೆ.
ಕ್ರಿಸ್ತನವನಾದರೂ ಬಾಗಿಲಿಗೆ
ನಮಾಜಿನ ಬೋರ್ಡು ತಿರುಗಿಸಿದೆ.
ಕಪಾಟಿನ ತಳದಲ್ಲಿ ಉದ್ದನೆಯ ರಿಜಿಸ್ಟರು,
ಬೆಳ್ಳಿಮೀನು ಕಚ್ಚಿದ ಅಂಚು,
ನನ್ನದೇ ಕೈಬರಹ, ಕನ್ನಡ:
ಮೈಯದ್ದಿ. ಕುಳ್ಳ. ಎಡಹುಬ್ಬಿನ ಮೇಲೆ ಕಲೆ.
ಎರಡು ರಿಯಾಲು ಬಾಕಿ. ಸ್ಕ್ಯಾನ್ ನಲವತ್ತೇಳು.

ನಲವತ್ತೇಳು! ಹೆಸರೇ ಇಲ್ಲದ ಫೈಲು.
ತೆರೆದರೆ ಚಿಗುರು ಮೀಸೆಯ ಹುಡುಗ,
ಕೆಳಗೆ ಹೆಬ್ಬೆಟ್ಟು, ಶಾಯಿ ಹೆಚ್ಚಾಗಿ ಹರಡಿದ್ದು.

ಸಂಜೆ ಬಂದ. ಪ್ರಿಂಟನ್ನು ಟ್ಯೂಬ್‌ಲೈಟಿಗೆ ಹಿಡಿದು
ಬಹಳ ಹೊತ್ತು ನೋಡಿದ, ಅಕ್ಷರವನ್ನಲ್ಲ, ಹುಡುಗನನ್ನು.
"ಇದು ಸಾಕಾಗ್ತದಾ?"
ಗೊತ್ತಿಲ್ಲ ಎಂದೆ.
ಬಾಕಿ ಅವನಿಗೂ ನೆನಪಿತ್ತು, ಜೇಬಿಗೆ ಕೈ ಹಾಕಿದ.
ಬೇಡವೆಂದು ರಿಜಿಸ್ಟರಿನ ಆ ಸಾಲನ್ನು
ಪೆನ್ನಿನಿಂದ ಹೊಡೆದು ಹಾಕಿದೆ.
ಅದು ನಿಜವಾಗಿ ಅಳಿಸಿತು.

ತಂತಿ ಇನ್ನೂ ನೆಲದ ಮೇಲಿದೆ.
ನಾಳೆ ಹನ್ನೊಂದು ವೀಸಾ ಅರ್ಜಿ.
ಸಿಕ್ಕಿಸಲೇಬೇಕು.